ಕರೆಯೋಲೆ

ಮೂವತ್ತೊಂದು ವರ್ಷ ಟಪಾಲು ಹಂಚಿದವನು ನಾನು.
ಐರ್ಲೆಂಡಿನ ಪಡುವಲಲ್ಲಿ, ಗಾಲ್ವೇ ಸೀಮೆಯ ಈ ಪುಟ್ಟ ಊರಲ್ಲಿ
ಯಾರ ಬಾಗಿಲ ಸೀಳು ಬಿಗಿ, ಯಾರದು ಸಡಿಲ,
ಯಾರ ಮಗ ಜೈಲಿನಿಂದ ಬರೆಯುತ್ತಾನೆ,
ಎಲ್ಲ ಬೆರಳಿಗೆ ಗೊತ್ತು.

ಕಸದ ಗುಡ್ಡದಾಚೆ, ಕಾಂಕ್ರೀಟು ಗೋಡೆಯ ಹಿಂದೆ
ಅಲೆಮಾರಿಗಳ ತಂಗುದಾಣ.
ಏಳು ಗಾಡಿಮನೆ, ಒಂದು ನಲ್ಲಿ.
ಅಲ್ಲಿಗೆ ನಾನು ಹೋಗುತ್ತಿರಲಿಲ್ಲ.
'ನಾಯಿಗಳ ಕಾಟ' ಎಂದು ರಿಜಿಸ್ಟರಿನಲ್ಲಿ ಬರೆದಿತ್ತು,
ನನಗಿಂತ ಹಿಂದಿನವನ ಕೈಬರಹ.
ಅವರ ಕಾಗದಗಳನ್ನು ತಿರುವಿನ ಅಂಗಡಿಯಲ್ಲಿ
ಗ್ಯಾಸ್ ಸಿಲಿಂಡರುಗಳ ಹಿಂದೆ, ಬೂಟಿನ ಡಬ್ಬಿಯೊಳಗೆ
ಹಾಕಿ ಸೈಕಲ್ಲು ಹತ್ತುತ್ತಿದ್ದೆ.
ಅಂಗಡಿಯವನು ಅವರನ್ನು ಒಳಗೆ ಬಿಡುತ್ತಿದ್ದದ್ದು
ಒಬ್ಬೊಬ್ಬರನ್ನೇ,
ಅದೂ ಅವನ ಮನಸ್ಸು ನೆಟ್ಟಗಿದ್ದ ದಿನ.

ವಿನಿ ಮಾಂಗನ್‌ಗೆ ಐವತ್ತು ತುಂಬಿದ ವರ್ಷ
ನೀಲಿ ಅಂಚಿನ ಲಕೋಟೆ ಬಂತು.
ಅದನ್ನು ಬಲ್ಲೆ. ನನ್ನ ಹೆಂಡತಿಗೂ ಬಂದಿತ್ತು,
ಕ್ಯಾಲೆಂಡರಿಗೆ ಪಿನ್ನು ಚುಚ್ಚಿ ಇಟ್ಟುಕೊಂಡಿದ್ದಳು.
ಹೋಗಿ ಬಂದು "ತಣ್ಣಗಿನ ಗಾಜು, ಎರಡು ನಿಮಿಷ" ಅಂದಳು,
ಆಲೂಗಡ್ಡೆ ಬೇಯಲು ಇಟ್ಟಳು.
ಅಷ್ಟೇ.

ಸ್ತನ ತಪಾಸಣೆಯ ಯಂತ್ರ ಹೊತ್ತ ಗಾಡಿ
ಆಟದ ಮೈದಾನದ ಪಕ್ಕ ಆರು ವಾರ ನಿಂತಿತ್ತು.
ಅದಕ್ಕೂ ಚಕ್ರಗಳಿದ್ದವು, ಕಿಟಕಿಗೆ ಪರದೆ ಇತ್ತು,
ಬಾಗಿಲಿಗೆ ಎರಡು ಮೆಟ್ಟಿಲು,
ವಿನಿಯ ಮನೆಗೆ ಇದ್ದ ಹಾಗೇ.
ಯಾರೂ ಪೊಲೀಸರನ್ನು ಕರೆಸಲಿಲ್ಲ.
ಯಾರೂ ಅದಕ್ಕೆ ಮುಂದೆ ಹೋಗು ಅನ್ನಲಿಲ್ಲ.
ಕರೆಂಟಿನ ತಂತಿ ಕ್ಲಬ್ಬಿನವರೇ ಎಳೆದುಕೊಟ್ಟರು.

ಎರಡನೆಯ ಲಕೋಟೆ. ಮೂರನೆಯದು.
ಡಬ್ಬಿಯ ತಳದಲ್ಲಿ ಇಲಿ ಒಂದರ ಮೂಲೆ ತಿಂದಿತ್ತು,
ಕಂಡೆ, ಮೇಲೆ ಇನ್ನೊಂದಿಟ್ಟೆ.

ನೋವು ಬಂದಾಗ ವಿನಿ ತಾನೇ ಹೋದಳಂತೆ.
ಮೊದಲ ಡಾಕ್ಟರ ಬಳಿ, ಪಟ್ಟಿ ತುಂಬಿದೆ.
ಎರಡನೆಯ ಕಡೆ ಕೌಂಟರಿನ ಹುಡುಗಿ
ಕಾಯಂ ವಿಳಾಸ ಕೇಳಿದಳು.
ಮೂರನೆಯ ಕಡೆ ನಾಲ್ಕು ಪುಟದ ಫಾರಂ;
ಕನ್ನಡಕ ಮರೆತು ಬಂದೆ ಎಂದಳು ವಿನಿ,
ಹುಟ್ಟಿದಾರಭ್ಯ ಕನ್ನಡಕ ಹಾಕದವಳು.
ಓದು ಬಾರದು ಎನ್ನಲು
ಮರ್ಯಾದೆ ಉಳಿಯುವ ದಾರಿ ಅದೊಂದೇ.
ಗಾಲ್ವೇಯ ದೊಡ್ಡಾಸ್ಪತ್ರೆಯಲ್ಲಿ ಕ್ಯಾನ್ಸರೆಂದು ಹೆಸರಿಡುವ ಹೊತ್ತಿಗೆ
ಅದು ಬೆನ್ನುಮೂಳೆ ಮುಟ್ಟಿತ್ತು.

ಆ ಅಕ್ಟೋಬರಿನಲ್ಲೊಂದು ದಿನ ಅಂಗಡಿಗೆ ಬೀಗ,
ಅಂಗಡಿಯವನ ತಂಗಿಯ ಮಣ್ಣು ಅವತ್ತು.
ನನ್ನ ಕೈಯಲ್ಲಿ ನಾಲ್ಕನೆಯ ಲಕೋಟೆ.
ಹಿಂದಕ್ಕೆ ಕಳಿಸಿಬಿಡಬಹುದಿತ್ತು.
ಯಾಕೆ ಹೋದೆನೋ. ಹೋದೆ.

ನಾಯಿ ಇತ್ತು.
ಒಂದು. ಮುದಿ. ಒಂದು ಕಣ್ಣಿಗೆ ಪೊರೆ.
ನನ್ನ ಚೀಲ ಮೂಸಿ, ಉಸ್ಸೆಂದು ಉಸಿರುಬಿಟ್ಟು
ಬೂಟಿನ ಮೇಲೆ ಮಲಗಿಬಿಟ್ಟಿತು.
ಕಾಲು ತೆಗೆಯಲಾಗಲಿಲ್ಲ.

ವಿನಿ ಕಿಟಕಿಗೆ ಒರಗಿದ್ದಳು, ಬಾತ ತೋಳು ದಿಂಬಿನ ಮೇಲೆ.
ಟಪಾಲಿನವನಿಗೆ ಚಹಾ ಕೊಡಿ ಎಂದಳು.
ಮೊಮ್ಮಗಳು ಶಾಂಟೆಲ್, ಒಂಬತ್ತು ವರ್ಷ,
ಲಕೋಟೆ ಒಡೆದು ಬೆರಳಿಟ್ಟು ಓದತೊಡಗಿದಳು:
"ಮೂರು ಸಲ ಕರೆಯೋಲೆ ಕಳಿಸಿದೆವು,
ತಮ್ಮಿಂದ ಉತ್ತರ ಬರಲಿಲ್ಲ.
ತಮಗೆ ಆಸಕ್ತಿ ಇಲ್ಲವೆಂದು ತಿಳಿದು..."
ನಿಲ್ಲಿಸಿ ಅಜ್ಜಿಯ ಮುಖ ನೋಡಿದಳು.
"ಕರೆಯೋಲೆ ಅಂದರೆ ಮದುವೆಗಾ?"

ವಿನಿಗೆ ನಗು ಬಂತು, ನಗು ಕೆಮ್ಮಿಗೆ ತಿರುಗಿತು,
ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.
"ಕರೆದಿದ್ದರಂತೆ ನೋಡು" ಅಂದಳು,
ನನಗಲ್ಲ, ನಾಯಿಗೆ.

ಬೂಟಿನ ಡಬ್ಬಿಯ ಮಾತು ನಾನು ಎತ್ತಲಿಲ್ಲ.
ಚಹಾಕ್ಕೆ ಸಕ್ಕರೆ ಹೆಚ್ಚಾಗಿತ್ತು. ಪೂರ್ತಿ ಕುಡಿದೆ.

ಕಚೇರಿಗೆ ಬಂದು ರಿಜಿಸ್ಟರು ತೆಗೆದೆ.
'ನಾಯಿಗಳ ಕಾಟ' ಎಂಬಲ್ಲಿ
'ಗಳ' ಎಂಬೆರಡು ಅಕ್ಷರ ಹೊಡೆದುಹಾಕಿದೆ.
ಅವತ್ತು ಬಂದ ಧೈರ್ಯ ಅಷ್ಟೇ.