ಷರಾ

ಬಿಷ್ಕೆಕ್‌ನ ಮೂರನೇ ಮಹಡಿಯಲ್ಲಿ ಕೂತು
ನಾನು ಹಿಮ ಬೀಳಿಸುತ್ತೇನೆ.
ಈ ಚೌಕಕ್ಕೆ ಇಷ್ಟು, ಪಕ್ಕದ ಚೌಕಕ್ಕೆ ಇಷ್ಟು,
ಬಿಸಿಲಿಗೆ ಒಂದಿಷ್ಟು ಕಳೆ, ಗಾಳಿಗೆ ಒಂದಿಷ್ಟು ಕಳೆ,
ಉಳಿದದ್ದು ಏಪ್ರಿಲ್‌ನಲ್ಲಿ ನೀರು.
ಕೆಳಗೆ ಅಣೆಕಟ್ಟಿನವರು ಕಾಯುತ್ತಾರೆ,
ಇನ್ನೂ ಕೆಳಗೆ, ಗಡಿಯಾಚೆ, ಹತ್ತಿಯವರು.
ಎಷ್ಟು ಆಳ ಬಿತ್ತೆಂದು ಯಾರೂ ಕೇಳುವುದಿಲ್ಲ.
ಒಳಗೆ ನೀರೆಷ್ಟು, ಅದನ್ನು ಹೇಳು.

ಎಲ್ಲ ಠಾಣೆಗಳೂ ನನ್ನ ಮಾತು ಕೇಳುತ್ತವೆ,
ಸಾರಿ-ಬೆಲ್ ಒಂದನ್ನು ಬಿಟ್ಟು.
ಇಪ್ಪತ್ತೆಂಟು ಚಳಿಗಾಲ
ಅಲ್ಲಿನ ನೀರು ನನ್ನ ಲೆಕ್ಕಕ್ಕಿಂತ ನೂರಕ್ಕೆ ಏಳು ಕಮ್ಮಿ.
ಆರಲ್ಲ, ಎಂಟಲ್ಲ.
ಅಳೆದೂ ಸುರಿದೂ ಕೊನೆಗೊಂದು ಗುಣಾಂಕ ಬರೆದೆ, ಗಾಳಿಯದು:
ಬೆಟ್ಟದ ಬೋಳು ಹೆಗಲಿಂದ ಹಿಮ ಹೊತ್ತೊಯ್ಯುವ ಗಾಳಿ.
ಅದರ ಮೇಲೊಂದು ಪ್ರಬಂಧವನ್ನೂ ಬರೆದು
ಅಲ್ಮಾಟಿಯಲ್ಲಿ ಓದಿದೆ. ಚಪ್ಪಾಳೆ ಬಿತ್ತು.

ಈ ಮಾರ್ಚ್‌ನಲ್ಲಿ ಹೋದೆ,
ಆ ಗಾಳಿಯನ್ನೊಮ್ಮೆ ಕಣ್ಣಾರೆ ನೋಡೋಣವೆಂದು.

ಸೋನುನ್‌ಬೂಬು ಬಾಗಿಲಲ್ಲೇ ನನ್ನ ಬೂಟು ನೋಡಿದಳು,
ಏನೂ ಅನ್ನದೆ ಗಂಡನ ಉಣ್ಣೆ ಬೂಟು ತಂದಿಟ್ಟಳು.
ಅವನು ತೀರಿ ಹನ್ನೊಂದು ವರ್ಷ.
ಉಪ್ಪು ಹಾಕಿದ ಹಾಲಿನ ಚಹಾ;
ರೊಟ್ಟಿ ಬೋರಲಿಡಬೇಡ ಅಂತ ಒಂದು ಗದರಿಕೆ;
ಆಮೇಲೆ ಸ್ಕೀ ಕಟ್ಟಿ ಹೊರಟೆವು.

ಹತ್ತು ಹೆಜ್ಜೆಗೊಮ್ಮೆ ಕೋಲು ಊರುತ್ತಾಳೆ:
ನೂರ ಹನ್ನೆರಡು. ನೂರ ಆರು. ನೂರ ಹತ್ತೊಂಬತ್ತು.
ಗಾಳಿ? ಎಂದೆ.
"ಯಾವ ಗಾಳಿ?"
ಬೆರಳು ಒದ್ದೆ ಮಾಡಿ ಎತ್ತಿ ಹಿಡಿದೆ. ಬರೀ ಚಳಿ.
ಸ್ಪ್ರೂಸ್ ಮರಗಳ ಮೇಲೆ ನಿನ್ನೆಯ ಹಿಮ
ಮೊನ್ನೆಯದರ ಮೇಲೆ ಕೂತಿತ್ತು, ಕದಲದೆ.

ನೂರು ಹೆಜ್ಜೆಗೊಮ್ಮೆ ಕೊಳವೆ.
ತಿರುಗಿಸುತ್ತಾ ಒತ್ತಬೇಕು, ಅವಸರ ಕೂಡದು.
ಮೇಲೆ ಹಿಟ್ಟು, ನಡುವೆ ಹಕ್ಕಳೆ ಕಟ್ಟಿದ ಪದರ,
ತಳದಲ್ಲಿ ಡಿಸೆಂಬರ್‌ನ ರವೆ, ಉರುಳುವಂಥದ್ದು.
ಕೆಳಗೆ ಸಲಿಕೆ ತೂರಿಸಿ ಎತ್ತಿ
ಕೋಲುತಕ್ಕಡಿಗೆ ಸಿಕ್ಕಿಸಿದಳು.
ತಕ್ಕಡಿ ತಲೆಯಾಡಿಸಿತು, ತಲೆಯಾಡಿಸಿತು, ನಿಂತಿತು.
ಅವಳು ಉಸಿರು ಹಿಡಿದಿದ್ದಳು. ನಾನೂ.

ಕೊಳವೆ ಬಡಿದು ಬರಿದು ಮಾಡುವಾಗ ಕಂಡಿತು:
ಅಂಚಿನ ಉಕ್ಕಿನ ಹಲ್ಲುಗಳಲ್ಲಿ ಒಂದಿಲ್ಲ,
ಉಳಿದವು ಒಳಕ್ಕೆ ವಾಲಿವೆ.

"ಅದಾ? ತೊಂಬತ್ತಾರರಲ್ಲಿ ಕಲ್ಲಿಗೆ ತಾಗಿ ಮುರೀತು.
ಆಗ ನಿಮ್ಮವರ ಹತ್ತಿರ ಸಂಬಳಕ್ಕೇ ದುಡ್ಡಿರಲಿಲ್ಲ.
ಅಸಾನಾಲಿ ಸುತ್ತಿಗೆಯಲ್ಲಿ ತಟ್ಟಿ ಸರಿಮಾಡಿದ.
ಬಾಯಿ ಸ್ವಲ್ಪ ಚಿಕ್ಕದಾಯ್ತು. ಕಮ್ಮಿ ತಿನ್ನುತ್ತೆ."
ಎಷ್ಟು ಕಮ್ಮಿ?
"ಏಳು. ಕೆಟಲಿನಲ್ಲಿ ಕರಗಿಸಿ ಅಳೆದು ನೋಡಿದೆವು,
ಒಂದು ತಿಂಗಳು, ದಿನಾ."

ಯಾರಿಗೂ ಹೇಳಲಿಲ್ಲವೇ?

ಮನೆಗೆ ಬಂದ ಮೇಲೆ ಮರದ ಪೆಟ್ಟಿಗೆ ತೆರೆದಳು.
ಹತ್ತು ದಿನಕ್ಕೊಂದು ಸಾಲು, ಸಾಲಿನ ಕೊನೆಗೆ
ಷರಾ ಎಂಬ ಇಕ್ಕಟ್ಟು ಕಿಂಡಿಯಲ್ಲಿ:
ಹಲ್ಲು ಮುರಿದಿದೆ. ಏಳು ಸೇರಿಸಿ.
ಹಲ್ಲು ಮುರಿದಿದೆ. ಏಳು ಸೇರಿಸಿ.
ಮೊದಲು ಅವನ ಓರೆ ಅಕ್ಷರ, ಆಮೇಲೆ ಇವಳ ಗುಂಡಕ್ಷರ.
ಅಕ್ಷರ ಬದಲಾದ ದಿನ ಫೆಬ್ರವರಿ ಹತ್ತು:
ಆಳ ತೊಂಬತ್ತೆಂಟು, ನೀರು ಇನ್ನೂರ ನಲವತ್ತೈದು,
ಹಲ್ಲು ಮುರಿದಿದೆ, ಏಳು ಸೇರಿಸಿ.
ಬೇರೇನೂ ಬರೆದಿಲ್ಲ ಆ ದಿನ.

ಈ ಪುಸ್ತಕಗಳ ಪ್ರತಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ
ಅಂಕಿಗಳನ್ನಷ್ಟೇ ಏರಿಸಿದೆವು.
ಷರಾ ಬೇಡ, ಅಕ್ಷರಗಳಿಂದ ಕೋಷ್ಟಕ ಕೆಡುತ್ತದೆ
ಎಂದವರು ಯಾರೋ ಅಲ್ಲ. ಆಗ ನನಗೆ ಇಪ್ಪತ್ತಾರು.

ಹೊಸ ಕೊಳವೆ ಕಳಿಸುತ್ತೇನೆ, ಅಂದೆ.
"ಕಳಿಸು. ಆದರೆ ಒಂದು ಚಳಿಗಾಲ ಎರಡರಲ್ಲೂ ಅಳೀತೀನಿ,
ಹೊಸದನ್ನು ಹೇಗೆ ನಂಬೋದು?"
ಉಣ್ಣೆ ಬೂಟು ಕಳಚಿ ಒಲೆಯ ಪಕ್ಕ ಇಟ್ಟೆ,
ಜೋಡಿ ಸರಿಯಾಗಿ, ಮೂತಿ ಗೋಡೆಗೆ.

ಮೂರನೇ ಮಹಡಿಗೆ ಮರಳಿ ಗಾಳಿಯನ್ನು ಅಳಿಸಿದೆ.
ಸಾರಿ-ಬೆಲ್ ಸುಮ್ಮನೆ ಸಾಲಿಗೆ ಬಂದು ನಿಂತಿತು.

ಆಚೆ ಕಣಿವೆಯಲ್ಲಿ ಇನ್ನೊಂದು ಠಾಣೆಯಿದೆ,
ಅಲ್ಲಿ ಯಾವಾಗಲೂ ಮೂರು ಹೆಚ್ಚು.
ಅದಕ್ಕೆ ನಾನು ನೆರಳು ಎಂದು ಹೆಸರಿಟ್ಟಿದ್ದೇನೆ.
ಅಳೆಯುವವರ ಹೆಸರು ಗೊತ್ತಿಲ್ಲ.
ಫೋನ್ ನಂಬರು ಹುಡುಕುತ್ತಿದ್ದೇನೆ.