ಎಳೆ

ಶಿಡ್ಲಘಟ್ಟದ ಹೈಸ್ಕೂಲ್ ಮೈದಾನದಲ್ಲಿ
ಬಿಸಿಲು ಇಳಿಯುವ ಹೊತ್ತು
ಬೆಂದ ಹುಳುವಿನ ವಾಸನೆ ಬೇಲಿ ದಾಟಿ ಬಂದು
ಗೋಲಿನೊಳಗೆ ನನ್ನ ಜೊತೆ ನಿಲ್ಲುತ್ತದೆ.
ಪರವಾಗಿಲ್ಲ, ಪರಿಚಯದ್ದೇ.
ಬೆಳಗಿಂದ ಆ ಕುದಿನೀರಲ್ಲೇ ಇದ್ದವು ಈ ಬೆರಳು.

ಖಲಂದರ್ ಮಾಸ್ತರು ಹೇಳುವುದು ಒಂದೇ:
"ಎತ್ತಿ ಒದೀಬೇಡ ಕಣೋ, ಕಾಲಿಗೆ ಕೊಡು.
ಚೆಂಡು ನಮ್ಮತ್ರ ಇರೋ ತನಕ
ಅವರು ಹೊಡೆಯೋದು ಏನನ್ನ, ತೆಂಗಿನಕಾಯ್ನಾ?"
ಗೂಡಿನ ತುದಿ ಸಿಕ್ಕ ಹಾಗೆ, ಅನ್ನುತ್ತಾರೆ,
ಎಳೀಬೇಡ, ಬಿಡಿಸು.
ಒಂದು ಗೂಡಿನಲ್ಲಿ ಅರ್ಧ ಮೈಲಿ ನೂಲು.
ಅವಸರದವನಿಗೆ ಅದು ಬರೀ ಸಿಕ್ಕು.

ನಿಜ ಹೇಳಬೇಕು, ಚಂದವಿತ್ತು.
ನಾನು ಬೈಯಪ್ಪನಿಗೆ, ಬೈಯಪ್ಪ ಇನಾಯತ್‌ಗೆ,
ಇನಾಯತ್ ಮತ್ತೆ ನನಗೇ.
ಚಿಂತಾಮಣಿಯ ಆಳುಗಳು
ನೆರಳು ಹಿಡಿಯಲು ಹೊರಟ ಕರುಗಳ ಹಾಗೆ
ಆ ಕಡೆ, ಈ ಕಡೆ.
ಮಂಡಿಗೆ ಕೈಯೂರಿ ಬಾಗಿದ ಅವರ ಸ್ಟ್ರೈಕರ್
"ಇದೇನ್ರೋ, ಮದುವೆಮನೆ ತಾಂಬೂಲವಾ,
ಕೈಯಿಂದ ಕೈಗೆ?" ಅಂದ.
ನಕ್ಕೆವು. ಮೂವತ್ತೊಂದು ಪಾಸು ಆಗಿತ್ತು ಆಗ.
ಪಿಳ್ಳಪ್ಪ ಹರಾಜು ಚೀಟಿಯ ಬೆನ್ನಿಗೆ
ಗೆರೆ ಎಳೆಯುತ್ತಿದ್ದ, ಐದಕ್ಕೊಂದು ಅಡ್ಡಗೆರೆ.

ಆದರೆ ಯಾರೂ ಮುಂದೆ ಹೋಗಲಿಲ್ಲ.
ಅದನ್ನು ಚೀಟಿ ಹೇಳುವುದಿಲ್ಲ.

ಗೂಡನ್ನು ಹೆಚ್ಚು ದಿನ ಇಟ್ಟುಕೊಂಡರೆ ಏನಾಗುತ್ತದೆ
ಈ ಊರಲ್ಲಿ ಮಗುವಿಗೂ ಗೊತ್ತು:
ಒಳಗಿನದು ಕಾಯುವುದಿಲ್ಲ.
ರೆಕ್ಕೆ ಬಂದ ದಿನ ತೂತು ಮಾಡಿ ಹೊರಡುತ್ತದೆ,
ಆಮೇಲೆ ಆ ಅರ್ಧ ಮೈಲಿಯಲ್ಲಿ
ಗೇಣುದ್ದವೂ ಸಲೀಸಾಗಿ ಬರುವುದಿಲ್ಲ.

ಎಪ್ಪತ್ತೆಂಟನೇ ನಿಮಿಷ.
ಬೈಯಪ್ಪನ ಬೆನ್ನ ಹಿಂದೆ ಒಬ್ಬ ಇದ್ದ, ಕಂಡಿತ್ತು.
ಕಂಡೂ ಕೊಟ್ಟೆ.
ಅಭ್ಯಾಸ ಕಣ್ಣಿಗಿಂತ ಬೇಗ ಒದೆಯುತ್ತದೆ.
ಅವನಿಗೆ ಬೇಕಾದದ್ದು ಎರಡು ಹೆಜ್ಜೆ.
ನಮ್ಮ ಗೋಲಿಗೆ ಕಟ್ಟಿದ್ದು ಬಲೆಯಲ್ಲ,
ಹುಳುಮನೆಯ ಹಳೇ ನೈಲಾನ್ ಪರದೆ, ಊಜಿ ನೊಣ ತಡೆಯುವಂಥದ್ದು.
ಚೆಂಡನ್ನೂ ತಡೆಯಿತು ಅದು,
ಸ್ವಲ್ಪ ತಡವಾಗಿ.

ಮಾಸ್ತರು ಬೈಯಲಿಲ್ಲ. ಚೀಟಿ ಇಸಕೊಂಡು ಎಣಿಸಿದರು,
ನಾನೂರ ಹನ್ನೆರಡು.
ಮಡಿಸಿ ಜೇಬಿಗಿಟ್ಟರು,
ಸಾಲದ ಪತ್ರದ ಹಾಗೋ, ಪ್ರೇಮಪತ್ರದ ಹಾಗೋ,
ಗೊತ್ತಾಗಲಿಲ್ಲ.

ಮಾರನೆಯ ಬೆಳಿಗ್ಗೆ ಬೇಸಿನ್ನಿನ ಮುಂದೆ
ಎಳೆ ಕಡಿಯಿತು. ಕಡಿಯುತ್ತದೆ, ದಿನಕ್ಕೆ ನೂರು ಸಲ.
ನಸೀಬಾ ಆಪಾ ನೋಡದೆಯೇ ಇನ್ನೊಂದು ಗೂಡಿನ ತುದಿಯನ್ನು
ಓಡುವ ನೂಲಿಗೆ ತಗುಲಿಸಿದಳು.
ರಾಟೆ ನಿಲ್ಲಲೇ ಇಲ್ಲ.
"ಹೆಂಗೆ ಗೊತ್ತಾಗುತ್ತೆ, ಯಾವಾಗ ಅಂತ?" ಕೇಳಿದೆ.
"ಗೊತ್ತಾಗೋವರೆಗೂ ಕಾದರೆ ಆಯ್ತು ಬಿಡು," ಅಂದಳು.

ಸಂಜೆ ಮತ್ತೆ ಅದೇ ಗೋಲು.
ಬೈಯಪ್ಪ ಕೈ ಚಾಚಿ ಕೇಳುತ್ತಾನೆ.
ನಡುಗೆರೆಯಾಚೆ ಮುನಿಶಾಮಿ ಆಗಲೇ ಓಡತೊಡಗಿದ್ದಾನೆ.
ಚೆಂಡು ನನ್ನ ಪಾದದ ಕೆಳಗೆ
ಬೆಚ್ಚಗೆ,
ಒಳಗೇನೋ ಅಲುಗಿದ ಹಾಗೆ.