ಕೆಚ್ಚು

ಮೂವತ್ತೊಂದು ವರ್ಷ ಕಬ್ಬನ್‌ಪೇಟೆಯಲ್ಲಿ
ಸೀರೆಯ ಸೆರಗಿಗೆ ಗ್ರಾಫು ಬರೆದೆ.
ಒಂದು ಚೌಕಕ್ಕೆ ಒಂದು ಎಳೆ;
ತುಂಬಿದರೆ ಜರಿ ಏಳುತ್ತದೆ, ಬಿಟ್ಟರೆ ಮುಳುಗುತ್ತದೆ.
ಮಗ್ಗಗಳು ಹೋದವು, ಕಾಗದ ಉಳಿಯಿತು.
ಕೊನೆಯ ನಾಲ್ಕು ಹಾಳೆ ಸೇರಿಸಿ ಗೋಡೆಗೆ ಅಂಟಿಸಿ
ನಮ್ಮ ಮನೆಯವರನ್ನು ಕೂರಿಸುತ್ತಿದ್ದೇನೆ.

ಮೇಲಿನಿಂದ ಕೆಳಕ್ಕೆ ಹಾಸು: ಹೆತ್ತದ್ದು.
ಅಡ್ಡಕ್ಕೆ ಹೊಕ್ಕು: ಮದುವೆ.
ಗಂಡಸರಿಗೆ ಚೌಕ, ಹೆಂಗಸರಿಗೆ ಬೊಟ್ಟು,
ಗೊತ್ತಿಲ್ಲದವರಿಗೆ ಪೆನ್ಸಿಲ್ಲು.
ಪೆನ್ಸಿಲ್ಲೇ ಜಾಸ್ತಿ ಸವೆದಿದೆ.
ಬಾಡಿಗೆ ಚೀಟಿ, ಲಗ್ನಪತ್ರಿಕೆ,
ನೂಲಿನ ಸಂಘದ ಪಾಸ್‌ಬುಕ್ಕು,
ಎಲ್ಲದರಲ್ಲೂ ಮುತ್ತಜ್ಜಿ ಬರೀ 'ದೊಡ್ಡಚೌಡಪ್ಪನ ಹೆಂಡತಿ'.
ಬೊಟ್ಟು ಇಟ್ಟೆ. ಒಳಗೆ ಏನೂ ಬರೆಯಲಿಲ್ಲ.

ಸಂಜೀವತ್ತೆಗೆ ಎಂಬತ್ತೆಂಟು. ಓದು ಬಾರದು.
ಗ್ರಾಫು ಬರುತ್ತದೆ:
ಆರನೇ ವಯಸ್ಸಿಗೇ ಅಪ್ಪನ ಮಗ್ಗದ ಪಕ್ಕ ಕೂತು
ಎಳೆ ಎಣಿಸಿ ಕೂಗಿದವಳು.
ಗೋಡೆಗೆ ಮುಖ ತಾಗಿಸಿ, ಬೆರಳಿಟ್ಟು,
ಕೆಳಗಿನಿಂದ ಮೇಲಕ್ಕೆ ಬಂದಳು,
ನನ್ನಿಂದ ನಮ್ಮಪ್ಪನಿಗೆ, ಅಪ್ಪನಿಂದ ತಾತ ಪಾಪಯ್ಯನಿಗೆ.
ಅಲ್ಲಿ ಬೆರಳು ನಿಂತಿತು.
"ಇಲ್ಲಿ ಎಳೆ ಹರಿದಿದೆಯಲ್ಲೋ.
ನೋಡದೆ ನೇಯ್ಕೊಂಡು ಹೋಗಿದ್ದೀಯ."

ಪ್ಲೇಗಿನ ವರ್ಷ. ಪೇಟೆ ಖಾಲಿ ಮಾಡಿಸಿ
ಊರಾಚೆ ತೆಂಗಿನ ಗರಿಯ ಶೆಡ್ಡು.
ದೊಡ್ಡಚೌಡಪ್ಪನ ಹೆಂಡತಿ ಹೆತ್ತ ಕೂಸು
ಮೂರನೇ ದಿನಕ್ಕೆ ಹೋಯಿತು.
ಪಕ್ಕದ ಶೆಡ್ಡಿನಲ್ಲಿ ಕೂಸು ಉಳಿದು ತಾಯಿ ಹೋದಳು.
ಒಬ್ಬಳಿಗೆ ಹಾಲಿತ್ತು, ಒಂದಕ್ಕೆ ಬಾಯಿತ್ತು.
"ಅಷ್ಟೇ ಕಣೋ," ಅಂದಳು ಅತ್ತೆ.
ಯಾರ ಪೈಕಿ? ಯಾವ ಪೇಟೆ? ಏನು ಹೆಸರು?
"ಆ ಶೆಡ್ಡನ್ನು ಸುಟ್ಟರಂತೆ.
ಹೆಸರು ಕೇಳೋಕೆ ಯಾರಿಗೆ ಪುರುಸೊತ್ತಿತ್ತು?"

ಹಳೆ ಹಾಸು ಮುಗಿದಾಗ ಹೊಸದರ ಎಳೆಯನ್ನು
ಅದರ ತುದಿಗೆ ಹೊಸೆದು ಕೆಚ್ಚುತ್ತೇವೆ,
ಬೂದಿ ಮುಟ್ಟಿದ ಬೆರಳಲ್ಲಿ, ಸಾವಿರಾರು ಸಲ.
ಅದಕ್ಕೆ ಗ್ರಾಫಿನಲ್ಲಿ ಗುರುತೇ ಇಲ್ಲ.
ಸೀರೆಯಲ್ಲಿ ಕಾಣಬಾರದ್ದನ್ನು
ನಾನೂ ಯಾವತ್ತೂ ಬರೆದವನಲ್ಲ.

ಪಾಪಯ್ಯನ ಮೇಲಿನ ಗೆರೆ ಅಳಿಸಲು ಹೋದೆ.
"ಅಳಿಸಬೇಡ. ಹಾಲು ಕುಡಿದಿದ್ದು ಸುಳ್ಳಾ?"
ಹಾಗಾದರೆ ಆ ಇನ್ನೊಬ್ಬಳು?
ಬಲಕ್ಕೆ ಜಾಗವಿಲ್ಲ, ಹಾಳೆ ಅಲ್ಲಿಗೆ ಮುಗಿದಿದೆ.
ಇನ್ನೊಂದು ತರಬೇಕು,
ಇವತ್ತು ಭಾನುವಾರ, ಅವೆನ್ಯೂ ರಸ್ತೆ ಮುಚ್ಚಿರುತ್ತದೆ.
ಸದ್ಯಕ್ಕೆ ಹಾಳೆಯಂಚು ದಾಟಿ, ಗೋಡೆಯ ಸುಣ್ಣದ ಮೇಲೇ
ಪೆನ್ಸಿಲ್ಲಿನಲ್ಲಿ ಒಂದು ಬೊಟ್ಟು ಇಟ್ಟಿದ್ದೇನೆ.
ಕೈಗೆ ಸುಣ್ಣ ಹತ್ತಿತು.
ಅತ್ತೆ ಕಾಫಿ ಕೇಳಿದಳು.